ಓ ಗುಂಪಿನವರಿಗೆ ಮಲೇರಿಯಾ ಬರುವುದಿಲ್ಲವೇ?

ಮಂಗಳೂರಿಗೆ ವರ್ಗವಾಗಿದೆ, ನನ್ನದು ಓ ಪಾಸಿಟಿವ್, ಓ ಗುಂಪಿನವರಿಗೆ ಮಲೇರಿಯಾ ತಗಲುವುದಿಲ್ಲ ಅನ್ನುತ್ತಾರಲ್ಲ, ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ನಾನು ಬ್ಲಡ್ ಬ್ಯಾಂಕಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಈ ಮಾತು ನಮ್ಮಲ್ಲೂ ಆಗಾಗ ಕಿವಿಗೆ ಬೀಳುತ್ತದೆ.

ಅದು ಹುಟ್ಟಿಕೊಂಡಿದ್ದಕ್ಕೆ ಕಾರಣವೊಂದಿದೆ. ಮಲೇರಿಯಾದ ಹೆಚ್ಚು ಅಪಾಯಕಾರಿ ಬಗೆಯಾದ ಫಾಲ್ಸಿಪಾರಂನಲ್ಲಿ ಸೋಂಕಿದ ಕೆಂಪು ಕಣಕ್ಕೆ ಸುತ್ತಲಿನ ಒಳ್ಳೆಯ ಕಣಗಳು ಮುತ್ತಿ ಅಂಟಿಕೊಂಡು ಸಣ್ಣ ರಕ್ತನಾಳಗಳಲ್ಲಿ ಹರಿವನ್ನು ತಡೆಯುತ್ತವೆ. ಎ ಮತ್ತು ಬಿ ಗುಂಪಿನ ಕಣಗಳ ಮೇಲಿರುವ ಸಕ್ಕರೆಯ ಅಣುಗಳು ಈ ಅಂಟಿಗೆ ನೆರವಾಗುತ್ತವೆ, ಓ ಗುಂಪಿನಲ್ಲಿ ಅವಿಲ್ಲ. ಹಾಗಾಗಿ ಓ ಗುಂಪಿನವರಲ್ಲಿ ಫಾಲ್ಸಿಪಾರಂ ವಿಕೋಪಕ್ಕೆ ಹೋಗುವ ಸಾಧ್ಯತೆ ಕಡಿಮೆ. ಸೋಂಕು ಮಾತ್ರ ಎಲ್ಲರಂತೆ ತಗಲುತ್ತದೆ.

ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ. ಅದರ ವಿಷಯಕ್ಕೆ ಬಂದರೆ ನೋಡಬೇಕಾದ ಗುಂಪೇ ಬೇರೆ: ಡಫಿ. 1950ರಲ್ಲಿ ಹಿಮೋಫಿಲಿಯಾ ರೋಗಿಯೊಬ್ಬರ ರಕ್ತದಲ್ಲಿ ಇದರ ಸುಳಿವು ಸಿಕ್ಕಿತು, ಅವರ ಹೆಸರೇ ಉಳಿಯಿತು. ಡಫಿ ಎಂಬುದು ಕೆಂಪು ಕಣದ ಪೊರೆಯಲ್ಲಿರುವ ಪ್ರೋಟೀನ್. ಪದೇಪದೇ ರಕ್ತ ಪಡೆದವರಲ್ಲಿ ಅದರ ವಿರುದ್ಧ ಆಂಟಿಬಾಡಿ ಬೆಳೆದರೆ ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಹೊಂದುವ ಬಾಟಲಿ ಹುಡುಕುವುದು ನಮಗೆ ಕಷ್ಟವಾಗುತ್ತದೆ. ವೈವಾಕ್ಸ್ ಪರೋಪಜೀವಿ ಕಣದೊಳಗೆ ಹೋಗಲು ಹಿಡಿಯುವುದು ಇದೇ ಪ್ರೋಟೀನನ್ನು. ಪಶ್ಚಿಮ ಆಫ್ರಿಕಾದ ಬಹುಪಾಲು ಜನರ ಕೆಂಪು ಕಣಗಳಲ್ಲಿ ಡಫಿ ಇಲ್ಲ, ಅಲ್ಲಿ ವೈವಾಕ್ಸ್ ಅಪರೂಪವಾಗಿರುವುದು ಅದಕ್ಕೇ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಲೂಯಿ ಮಿಲ್ಲರ್ ಮತ್ತು ಜೊತೆಗಾರರು ಇದನ್ನು ತೋರಿಸಿಕೊಟ್ಟರು.

ನನಗೆ ಇಂದಿಗೂ ಬೆರಗು ಹುಟ್ಟಿಸುವುದು 1995ರಲ್ಲಿ ತಿಳಿದುಬಂದ ಕಾರಣ. ಆ ಜನರಲ್ಲಿ ಡಫಿ ಜೀನ್ ಕೆಟ್ಟಿಲ್ಲ. ಜೀನಿನ ಮುಂದಿರುವ ನಿಯಂತ್ರಣ ಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅಷ್ಟೇ. ಅದರಿಂದ ಕೆಂಪು ಕಣದಲ್ಲಿ ಮಾತ್ರ ಡಫಿ ತಯಾರಾಗುವುದಿಲ್ಲ, ರಕ್ತನಾಳದ ಒಳಗೋಡೆಯ ಕೋಶಗಳಲ್ಲಿ ಎಂದಿನಂತೆ ತಯಾರಾಗುತ್ತದೆ. ಇದೂ ಪೂರ್ಣ ರಕ್ಷೆಯಲ್ಲ. ಡಫಿ ಇಲ್ಲದವರಿಗೂ ವೈವಾಕ್ಸ್ ತಗಲಿದ್ದು ಮಡಗಾಸ್ಕರ್‌ನಲ್ಲಿ ಕಂಡುಬಂದಿದೆ. ಭಾರತದಲ್ಲಂತೂ ಡಫಿ ಇಲ್ಲದವರೇ ತೀರಾ ವಿರಳ.

ವೈವಾಕ್ಸ್‌ಗೆ ಡಫಿಯೊಂದೇ ಸಾಲದು. ಆಗತಾನೇ ಮಜ್ಜೆಯಿಂದ ಹೊರಬಂದ ಎಳೆಯ ಕಣಗಳ ಮೇಲಷ್ಟೇ ಇರುವ, ಕಬ್ಬಿಣ ಹೀರಲು ಬೇಕಾದ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಕೂಡ ಅದಕ್ಕೆ ಬೇಕು. ಎಳೆಯ ಕಣಗಳು ರಕ್ತದಲ್ಲಿ ನೂರಕ್ಕೆ ಒಂದೆರಡು. ಆದ್ದರಿಂದ ರಕ್ತದಲ್ಲಿ ವೈವಾಕ್ಸ್ ಪರೋಪಜೀವಿಗಳ ಸಂಖ್ಯೆಗೆ ಮಿತಿಯಿದೆ. ಫಾಲ್ಸಿಪಾರಂ ಎಳೆಯದು ಹಳೆಯದು ಎಂದು ನೋಡುವುದಿಲ್ಲ. ಒಳಹೋಗಲು ಕಣದ ಪೊರೆಯ ಗ್ಲೈಕೋಫೋರಿನ್ ಎ ಎಂಬ ಪ್ರೋಟೀನ್ ಸಿಕ್ಕರೆ ಅದು, ಇಲ್ಲದಿದ್ದರೆ ಇನ್ನೊಂದು. ಅದು ಬಿಟ್ಟಿರಲಾಗದ ಪ್ರೋಟೀನ್ ಬ್ಯಾಸಿಜಿನ್, 2011ರಲ್ಲಿ ಗೊತ್ತಾಯಿತು. ಬ್ಯಾಸಿಜಿನ್ ಹಿಡಿಯುವ ಆರ್‌ಎಚ್5 ಎಂಬ ಪರೋಪಜೀವಿಯ ಪ್ರೋಟೀನಿನಿಂದ ಮಾಡಿದ ಲಸಿಕೆಯನ್ನು ಬುರ್ಕಿನಾ ಫಾಸೊದ ಮಕ್ಕಳಲ್ಲಿ ಪರೀಕ್ಷಿಸಿದ್ದಾರೆ. ನನಗೆ ಇದರ ಮೇಲೆ ಬಹಳ ಭರವಸೆ.

ಕೀನ್ಯಾದ ಕರಾವಳಿಯಲ್ಲಿ ಡಾಂಟು ಎಂಬ ರಕ್ತದ ಗುಂಪಿನವರಿದ್ದಾರೆ. ಅವರ ಗ್ಲೈಕೋಫೋರಿನ್ ಜೀನ್‌ಗಳು ಬೆರೆತುಹೋಗಿ, ಕಣದ ಪೊರೆ ಚೆಂಡೆಯ ಚರ್ಮದಂತೆ ಬಿಗಿದಿರುತ್ತದೆ. ಫಾಲ್ಸಿಪಾರಂ ಬಂದು ತಾಗಿದರೂ ಪೊರೆ ಸುಲಭವಾಗಿ ಬಾಗದ ಕಾರಣ ಒಳನುಗ್ಗುವುದು ಕಷ್ಟ.

ನಿಮ್ಮ ಮಟ್ಟಿಗೆ ಇಷ್ಟು. ಸೊಳ್ಳೆಪರದೆ ಕಟ್ಟಿಕೊಳ್ಳಿ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ವೈವಾಕ್ಸ್ ಎಂದು ಬಂದರೆ ಜ್ವರ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ನಂತರ ಏಳುವ ರೂಪ ಅದಕ್ಕಿದೆ, ಅದಕ್ಕೆಂದೇ ಪ್ರೈಮಾಕ್ವಿನ್ ಎಂಬ ಮಾತ್ರೆ 14 ದಿನ ಕೊಡುತ್ತಾರೆ. ಅದನ್ನು ಶುರುಮಾಡುವ ಮೊದಲು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ, ಆ ಕಿಣ್ವದ ಕೊರತೆಯಿದ್ದವರಲ್ಲಿ ಈ ಮಾತ್ರೆ ಕೆಂಪು ಕಣಗಳನ್ನೇ ಒಡೆಯುತ್ತದೆ.