ಒಂದೇ ಪಾತ್ರೆಯಿಂದ ಹಲವು ತಟ್ಟೆ

ಮನೆಯಡುಗೆ ಮತ್ತು ಮಕ್ಕಳ ತಿಂಡಿಯ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ಮಂದಿ ಇದ್ದೇವೆ. ಹತ್ತು ತಿಂಗಳ ಮಗು, ಖಾರವೆಂದರೆ ತಟ್ಟೆಯನ್ನು ದೂರ ಸರಿಸುವ ಏಳು ವರ್ಷದ ಮಗಳು, ಖಾರವಿಲ್ಲದ ಊಟ ಸಪ್ಪೆ ಎನ್ನುವ ಪತಿ, ರಕ್ತದೊತ್ತಡದ ಕಾರಣ ಉಪ್ಪು ಕಡಿಮೆ ಮಾಡಬೇಕಾದ ಅತ್ತೆ. ಕೆಲಸ ಮುಗಿಸಿ ಬಂದು ಪ್ರತಿ ಸಂಜೆ ಮೂರು ಬಗೆಯ ಅಡುಗೆ ಮಾಡಿ ದಣಿದಿದ್ದೇನೆ. ಇದಕ್ಕೆ ದಾರಿ ಇದೆಯೇ?

ಉತ್ತರ: ಇದೆ. ಉಪ್ಪು, ಖಾರ ಹಾಕುವ ಹೊತ್ತನ್ನು ಮುಂದಕ್ಕೆ ಹಾಕಿದರೆ ನಿಮ್ಮ ಮೂರು ಅಡುಗೆಗಳು ಒಂದಾಗುತ್ತವೆ. ಮಸಾಲೆಯನ್ನು ಮೊದಲೇ ಬೆರೆಸಿಬಿಡುವುದರಿಂದ ಪಾತ್ರೆಯಲ್ಲಿ ಇರುವುದೆಲ್ಲವೂ ಒಬ್ಬರ ನಾಲಿಗೆಗೆ ಮಾತ್ರ ಒಗ್ಗುವಂತಾಗುತ್ತದೆ. ಅದರ ಬದಲು ಬೇಳೆಯನ್ನೂ ಎರಡು ಮೂರು ತರಕಾರಿಗಳನ್ನೂ ಉಪ್ಪಿಲ್ಲದೆ ಮೆತ್ತಗೆ ಬೇಯಿಸಿ, ಮೊದಲು ಮಗುವಿನ ಪಾಲನ್ನು ತೆಗೆದು, ತುಸು ತರಿಯಾಗಿ ಹಿಸುಕಿ, ಒಂದಿಷ್ಟು ಎಣ್ಣೆಯನ್ನೋ ಬೆಣ್ಣೆಯನ್ನೋ ಬೆರೆಸಿ ಕೊಡಿ. ಒಂದು ವರ್ಷ ತುಂಬುವವರೆಗೆ ಮಗುವಿನ ಆಹಾರಕ್ಕೆ ಉಪ್ಪು ಸೇರಿಸುವ ಅಗತ್ಯವಿಲ್ಲ. ಜೇನುತುಪ್ಪವನ್ನಂತೂ ಅಲ್ಲಿಯವರೆಗೆ ನೆಕ್ಕಿಸಲೂಬಾರದು, ಏಕೆಂದರೆ ಅದರಲ್ಲಿ ಇರಬಹುದಾದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನು ಉತ್ಪಾದಿಸಬಲ್ಲವು.

ಎರಡನೆಯ ಪಾಲು ಅತ್ತೆಯವರದು. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಳಿ ಇದ್ದ ಕಡೆ ಉಪ್ಪಿನ ಕೊರತೆ ಅಷ್ಟಾಗಿ ತಿಳಿಯುವುದಿಲ್ಲವಾದ್ದರಿಂದ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಹಸಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿ. ಕಡಿಮೆ ಸೋಡಿಯಮ್ ಇರುವ ಉಪ್ಪನ್ನು ತರಬೇಕೆಂದು ನಿಮಗೆ ಅನ್ನಿಸಿದರೆ ಮೊದಲು ವೈದ್ಯರನ್ನು ಕೇಳಿ. ಅಂಥ ಉಪ್ಪಿನಲ್ಲಿ ಪೊಟ್ಯಾಸಿಯಮ್ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರಿಗೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ನುಂಗುವವರಿಗೂ ಅದು ಅಪಾಯಕಾರಿ. ಉಳಿದ ಭಾಗಕ್ಕೆ ಹದವಾಗಿ ಉಪ್ಪು ಹಾಕಿದರೆ ಮಗಳ ಊಟ ಸಿದ್ಧವಾಯಿತು. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನ ಪುಡಿಯನ್ನು ಎಣ್ಣೆಯಲ್ಲಿ ಬಾಡಿಸಿ ಒಂದು ಬಟ್ಟಲಲ್ಲಿ ಬೇರೆಯಾಗಿ ಇಟ್ಟರೆ ಖಾರ ಬೇಕಾದವರು ತಮ್ಮ ತಟ್ಟೆಗೆ ತಾವೇ ಹಾಕಿಕೊಳ್ಳುತ್ತಾರೆ. ಆ ಬಟ್ಟಲನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಿ. ಕೆಲವು ತಿಂಗಳಾದ ಮೇಲೆ ಮಗಳೂ ಚಮಚದ ತುದಿಯಲ್ಲಿ ಒಂದಿಷ್ಟನ್ನು ತೆಗೆದು ರುಚಿ ನೋಡಬಹುದು.

ಬೇಳೆಗೆ ಬದಲು ಮೊಟ್ಟೆ, ಮೀನು, ಕೋಳಿಮಾಂಸ ಅಥವಾ ಯಾವುದೇ ಕಾಳು, ಅನ್ನಕ್ಕೆ ಬದಲು ರೊಟ್ಟಿ, ಬ್ರೆಡ್ ಅಥವಾ ಬೇಯಿಸಿದ ಆಲೂಗಡ್ಡೆ ಬಂದರೂ ಈ ಕ್ರಮ ಹಾಗೆಯೇ ನಡೆಯುತ್ತದೆ. ರಾಜ್ಮಾ ಬಳಸುವಾಗ ಮಾತ್ರ ಎಚ್ಚರ ಬೇಕು. ಹಸಿ ರಾಜ್ಮಾದಲ್ಲಿ ವಾಂತಿ, ಹೊಟ್ಟೆನೋವು ತರುವ ಲೆಕ್ಟಿನ್ ಎಂಬ ವಸ್ತುವಿದ್ದು, ಅದು ಕಡಿಮೆ ಶಾಖದಲ್ಲಿ ನಾಶವಾಗುವುದಿಲ್ಲ. ಕಾಳನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆಯಾದರೂ ಕುದಿಸಿದ ಮೇಲೆಯೇ ಮುಂದಿನ ಅಡುಗೆಗೆ ಬಳಸಬೇಕು.

ಪ್ರಶ್ನೆ: ರಜೆಯ ದಿನ ಹೆಚ್ಚಾಗಿ ಬೇಯಿಸಿಟ್ಟು ವಾರವಿಡೀ ಬಳಸಬಹುದೇ? ತಂಗಳನ್ನ ಕೆಡುಕು ಎಂದು ಮನೆಯ ಹಿರಿಯರು ಹೇಳುತ್ತಾರೆ.

ಉತ್ತರ: ಹಿರಿಯರ ಆತಂಕಕ್ಕೆ ಕಾರಣವಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು, ಮತ್ತು ಅವು ಕುದಿಯುವ ನೀರಿನಲ್ಲೂ ಸಾಯದೆ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಹೊರಗೇ ಉಳಿದರೆ ಅವು ಮೊಳೆತು, ಬೆಳೆದು, ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಗಂಟೆಯೊಳಗೆ ಆರಿಸಿ, 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸುವುದು ಒಳ್ಳೆಯದು. ಬೇಯಿಸಿದ ಕಾಳು, ತರಕಾರಿ, ಮಾಂಸ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಫ್ರಿಜ್‌ನಲ್ಲಿ ಅವು ಮೂರು ನಾಲ್ಕು ದಿನ ಇರುತ್ತವೆ. ಅದಕ್ಕಿಂತ ಹೆಚ್ಚು ದಿನಕ್ಕೆ ಬೇಕಾದುದನ್ನು ಒಂದೊಂದು ಊಟದ ಅಳತೆಗೆ ಭಾಗ ಮಾಡಿ ಫ್ರೀಜರ್‌ನಲ್ಲಿ ಇಡಿ. ಬೇಕಾದಷ್ಟನ್ನೇ ಹೊರತೆಗೆದು, ಹಬೆಯಾಡುವಷ್ಟು ಬಿಸಿಯಾಗಿ, ಒಮ್ಮೆ ಮಾತ್ರ ಕಾಯಿಸಿ.

ನನ್ನನ್ನು ಕೇಳಿದರೆ, ವಾರಕ್ಕೆಲ್ಲ ಪೂರ್ತಿ ಅಡುಗೆ ಮಾಡಿಡುವುದಕ್ಕಿಂತ ಬೇಯಿಸಿದ ಕಾಳು, ಬೇಯಿಸಿದ ಮೊಟ್ಟೆ, ತೊಳೆದು ಒರೆಸಿಟ್ಟ ಸೊಪ್ಪು ಎಂಬ ಮೂರನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಮೇಲು. ಒಂದು ದಿನ ಸೂಪ್, ಮರುದಿನ ರೊಟ್ಟಿಯೊಳಗಿನ ಹೂರಣ, ಮತ್ತೊಂದು ದಿನ ಅನ್ನಕ್ಕೆ ಕಲಸುವ ಪಲ್ಯ ಎಂದು ರೂಪ ಬದಲಾಗುವುದರಿಂದ ತಿನ್ನುವವರಿಗೂ ಬೇಸರವಾಗುವುದಿಲ್ಲ.

ಪ್ರಶ್ನೆ: ಆರು ವರ್ಷದ ಮಗ ತರಕಾರಿಯನ್ನು ಮುಟ್ಟುವುದಿಲ್ಲ. ರುಬ್ಬಿ ಹಿಟ್ಟಿನಲ್ಲಿ ಬೆರೆಸಿ ತಿನ್ನಿಸುತ್ತಿದ್ದೇನೆ. ಇದು ಸರಿಯೇ?

ಉತ್ತರ: ಪೋಷಣೆಯ ದೃಷ್ಟಿಯಿಂದ ತಪ್ಪಿಲ್ಲ, ಆದರೆ ಕಾಣದ ತರಕಾರಿಯ ರುಚಿಗೆ ಮಗು ಒಗ್ಗಿಕೊಳ್ಳಲಾರದು. ಹೊಸ ಆಹಾರವನ್ನು ಒಪ್ಪಿಕೊಳ್ಳುವ ಮೊದಲು ಅನೇಕ ಮಕ್ಕಳಿಗೆ ಅದು ಹತ್ತು ಹದಿನೈದು ಸಲ ಎದುರಾಗಬೇಕಾಗುತ್ತದೆ; ಹೆತ್ತವರು ಬಹುತೇಕ ಮೂರು ನಾಲ್ಕನೆಯ ಸಲಕ್ಕೇ ಕೈಬಿಡುತ್ತಾರೆ. ಅವನು ಇಷ್ಟಪಡುವ ಪದಾರ್ಥದ ಪಕ್ಕದಲ್ಲಿ ಎರಡೇ ಎರಡು ತುಂಡು ಕ್ಯಾರೆಟ್ ಇಟ್ಟು, ತಿನ್ನೆಂದು ಹೇಳದೆ ಸುಮ್ಮನಿರಿ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿರುವ ಹೊಣೆ ಹಂಚಿಕೆ ಇಲ್ಲಿ ಬಹಳ ಉಪಯುಕ್ತ: ಏನನ್ನು, ಯಾವಾಗ, ಎಲ್ಲಿ ಬಡಿಸಬೇಕು ಎಂಬುದು ಹಿರಿಯರ ನಿರ್ಧಾರ, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ನಿರ್ಧಾರ. ತರಕಾರಿ ಮುಗಿಸಿದರೆ ಸಿಹಿ ಕೊಡುತ್ತೇನೆ ಎಂಬ ಆಮಿಷವನ್ನು ದಯವಿಟ್ಟು ಬಿಡಿ, ಏಕೆಂದರೆ ತರಕಾರಿ ಶಿಕ್ಷೆ, ಸಿಹಿ ಬಹುಮಾನ ಎಂಬ ಪಾಠವನ್ನು ಮಗು ಅದರಿಂದಲೇ ಕಲಿಯುತ್ತದೆ. ಬಟಾಣಿ ಸುಲಿಯುವುದು, ಸೊಪ್ಪು ಬಿಡಿಸುವುದು, ಸೌತೆಕಾಯಿ ತೊಳೆಯುವುದು ಮುಂತಾದ ಕೆಲಸಗಳನ್ನು ಅವನಿಗೆ ಒಪ್ಪಿಸಿ. ಕೈಯಲ್ಲಿ ಹಿಡಿದು, ಮೂಸಿ ಪರಿಚಯವಾದದ್ದು ಬಾಯಿಗೂ ಬೇಗ ಹೋಗುತ್ತದೆ.

ಪ್ರಶ್ನೆ: ಸಂಜೆ ಶಾಲೆಯಿಂದ ಬಂದ ಮಕ್ಕಳಿಗೆ ಪೊಟ್ಟಣದ ತಿಂಡಿಯ ಬದಲು ಖುಷಿಯಾಗಿ ತಿನ್ನುವಂಥದ್ದನ್ನು ಏನು ಕೊಡಬಹುದು?

ಉತ್ತರ: ಸಂಜೆಯ ತಿಂಡಿಯನ್ನು ಒಂದು ಪುಟ್ಟ ಊಟವೆಂದು ಭಾವಿಸಿದರೆ ಆಯ್ಕೆ ಸುಲಭವಾಗುತ್ತದೆ. ಹಣ್ಣು ಅಥವಾ ತರಕಾರಿಯ ಜೊತೆಗೆ ಹೊಟ್ಟೆ ನಿಲ್ಲಿಸುವ ಮತ್ತೊಂದು ವಸ್ತು ಇರಲಿ: ಸೇಬಿನ ಹೋಳುಗಳಿಗೆ ಕಡಲೆಕಾಯಿ ಬೆಣ್ಣೆ, ಕ್ಯಾರೆಟ್ ಕಡ್ಡಿಗೆ ಅರೆದ ಕಡಲೆಕಾಳು, ಹಣ್ಣಿನ ಚೂರುಗಳಿಗೆ ಗಟ್ಟಿ ಮೊಸರು. ಚೆನ್ನಾಗಿ ಮಾಗಿದ ಬಾಳೆಹಣ್ಣನ್ನು ಬಿಲ್ಲೆಗಳಾಗಿ ಹೆಚ್ಚಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಮಿಕ್ಸಿಯಲ್ಲಿ ತಿರುವಿದರೆ ಸಕ್ಕರೆ, ಕೆನೆ ಯಾವುದೂ ಇಲ್ಲದೆ ಐಸ್‌ಕ್ರೀಮಿನಷ್ಟು ನುಣುಪಾದ ತಿನಿಸು ಸಿದ್ಧವಾಗುತ್ತದೆ. ಮಾಗಿದಷ್ಟೂ ಸಿಹಿ ಹೆಚ್ಚು.

ಮನೆಯಲ್ಲೇ ಅರಳಿಸಿದ ಪಾಪ್‌ಕಾರ್ನ್ ನನಗೆ ಬಹಳ ಪ್ರಿಯವಾದ ಸಲಹೆ, ಏಕೆಂದರೆ ಅದು ತವುಡು ಸಹಿತವಾದ ಇಡಿ ಧಾನ್ಯ; ಜೊತೆಗೆ ಒಂದು ವಿಜ್ಞಾನ ಪಾಠವೂ ಹೌದು. ಕಾಳಿನೊಳಗಿನ ಸುಮಾರು ಶೇಕಡಾ 14ರಷ್ಟು ತೇವಾಂಶ ಬಿಸಿಯಾಗಿ ಹಬೆಯಾಗುತ್ತದೆ, ಗಟ್ಟಿ ಸಿಪ್ಪೆ ಅದನ್ನು ತಡೆದು ನಿಲ್ಲಿಸುತ್ತದೆ, 180 ಡಿಗ್ರಿಯ ಆಸುಪಾಸಿನಲ್ಲಿ ಸಿಪ್ಪೆ ಸೋತು ಒಡೆದಾಗ ಒಳಗಿನ ಪಿಷ್ಟ ಹೂವಿನಂತೆ ಹೊರಚಿಮ್ಮುತ್ತದೆ. ಮುಚ್ಚಿದ ಪಾತ್ರೆಯ ಸದ್ದನ್ನು ಎಣಿಸುವುದೇ ಮಕ್ಕಳಿಗೆ ಆಟ. ಆದರೆ ನಾಲ್ಕು ವರ್ಷದೊಳಗಿನವರಿಗೆ ಪಾಪ್‌ಕಾರ್ನ್, ಇಡಿಯಾದ ಕಡಲೆಕಾಯಿ ಬೀಜ, ಬಾದಾಮಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿ ಮಾಡಿಯೇ ಕೊಡಿ.

ಹಣ್ಣಿನ ರಸ ಹಣ್ಣಿಗೆ ಸಮವಲ್ಲ. ಹಿಂಡಿದಾಗ ನಾರಿನ ಬಹುಪಾಲು ಹೋಗಿ, ಉಳಿದ ಸಕ್ಕರೆ ಬೇಗನೆ ದೇಹ ಸೇರುತ್ತದೆ. ಬಾಯಾರಿಕೆಗೆ ನೀರೇ ಇರಲಿ.

ಪ್ರಶ್ನೆ: ಡಬ್ಬಿಗೆ ಹಾಕಿದ ಸೇಬಿನ ಹೋಳು ಕಂದಾಗುತ್ತದೆ, ಮಗಳು ತಿನ್ನದೆ ವಾಪಸು ತರುತ್ತಾಳೆ. ಏನು ಮಾಡಲಿ?

ಉತ್ತರ: ಹೆಚ್ಚಿದಾಗ ಸೇಬಿನ ಕಿಣ್ವಕ್ಕೆ ಗಾಳಿಯ ಆಮ್ಲಜನಕ ಸೋಕಿ ಬಣ್ಣ ಬದಲಾಗುತ್ತದೆ, ಹಣ್ಣು ಕೆಟ್ಟಿರುವುದಿಲ್ಲ. ಹೋಳುಗಳಿಗೆ ನಿಂಬೆರಸ ಬೆರೆಸಿದ ನೀರನ್ನು ಸವರಿ. ಇಲ್ಲವೇ ಹೋಳುಗಳನ್ನು ಮತ್ತೆ ಇಡೀ ಹಣ್ಣಿನಂತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕಳುಹಿಸಿ. ಕೊಯ್ದ ಮೈಗೆ ಗಾಳಿ ತಾಗುವುದು ಕಡಿಮೆಯಾಗುತ್ತದೆ, ಬಿಚ್ಚಿ ತಿನ್ನುವ ಸಂಭ್ರಮವೂ ಅವಳಿಗೆ ಸಿಗುತ್ತದೆ.