ಟೂರ್ ಡೌನ್ ಅಂಡರ್ ಸೈಕಲ್ ರೇಸ್‌ನಲ್ಲಿ ಸ್ಪ್ರಿಂಟರ್‌ಗಳು (ಕೊನೆಯಲ್ಲಿ ಜೋರಾಗಿ ನುಗ್ಗಿ ಗೆಲ್ಲುವ ಸವಾರರು) ಒಟ್ಟಾರೆ ಗೆಲ್ಲಬಹುದಾ?

ಸ್ಟೇಜ್, ಅಂದರೆ ಒಂದು ದಿನದ ರೇಸ್, ಗೆಲ್ಲಬಹುದು, ಖಂಡಿತ. ಎಲ್ಲ ಸ್ಟೇಜ್‌ಗಳ ಸಮಯ ಕೂಡಿಸಿ ಒಟ್ಟಾರೆ ರೇಸ್ ಗೆಲ್ಲುವುದು ಈಗ ತುಂಬಾ ಕಷ್ಟ.

ಜನವರಿಯಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಸುತ್ತ ನಡೆಯುವ ಈ ರೇಸನ್ನು ಅಪ್ಪಟ ಸ್ಪ್ರಿಂಟರ್ ಆಂಡ್ರೆ ಗ್ರೈಪೆಲ್ 2008 ಮತ್ತು 2010ರಲ್ಲಿ ಗೆದ್ದಿದ್ದರು. ಆಗ ಸ್ಟೇಜ್ ಗೆದ್ದವರ ಒಟ್ಟು ಸಮಯದಿಂದ ಕಳೆಯುವ ಬೋನಸ್ ಸೆಕೆಂಡುಗಳೇ ಸಾಕಾಗುತ್ತಿದ್ದವು. 2012ರಲ್ಲಿ ವಿಲ್ಲುಂಗಾ ಬೆಟ್ಟದ ತುದಿಯಲ್ಲೇ ಒಂದು ಸ್ಟೇಜ್ ಮುಗಿಸಿದರು, ಲೆಕ್ಕ ಬದಲಾಯಿತು. ಏರು ಸುಮಾರು 3 ಕಿಲೋಮೀಟರ್ ಅಷ್ಟೇ. ಆದರೆ ದಪ್ಪ ತೊಡೆಯ ಸ್ಪ್ರಿಂಟರ್ ಸೀಟಿನಿಂದ ಎದ್ದು ತುಳಿದರೂ, ಹಗುರ ಮೈಯವರು ಕಣ್ಣೆದುರೇ ದೂರವಾಗುತ್ತಾರೆ.

ಹಾಗಂತ ಬೋನಸ್ ಸುಮ್ನೆ ಅಲ್ಲ. 2018ರಲ್ಲಿ ಸ್ಪ್ರಿಂಟ್ ಬಲ್ಲ ಡ್ಯಾರಿಲ್ ಇಂಪಿ ಮತ್ತು ಏರು ಹತ್ತುವುದರಲ್ಲಿ ಗಟ್ಟಿಗ ರಿಚಿ ಪೋರ್ಟ್ ಅವರ ಒಟ್ಟು ಸಮಯ, ಬೋನಸ್ ಎಲ್ಲ ಲೆಕ್ಕ ಹಾಕಿದ ಮೇಲೆ, ಒಂದೇ ಆಗಿತ್ತು! ಸ್ಟೇಜ್‌ಗಳಲ್ಲಿ ಪಡೆದ ಸ್ಥಾನ ನೋಡಿ ಇಂಪಿಗೆ ಗೆಲುವು ಕೊಟ್ಟರು. ಸ್ಪ್ರಿಂಟೂ ಗೊತ್ತು, ಏರೂ ಹತ್ತುತ್ತಾರೆ ಎನ್ನುವಂಥ ಸವಾರರ ಮೇಲೇ ನನಗೆ ಜಾಸ್ತಿ ನಂಬಿಕೆ.