ಮರದ ಬುಡದಲ್ಲಿ ಆ ಅಜ್ಜಿ ಯಾಕಿದ್ರು

ನಮಸ್ಕಾರ ಸರ್,

ಹೋದ ತಿಂಗಳ ಮುಖಪುಟಕ್ಕೆ ಹೊಸದುರ್ಗ ರಸ್ತೆಯ ಹಳೇ ಹುಣಸೆ ಮರ ಹಾಕಿದ್ವಲ್ಲ, ಬುಡದಲ್ಲಿ ಒಬ್ರು ಅಜ್ಜಿ ಗೋಣಿಚೀಲ ಹಾಸ್ಕೊಂಡು ಹುಣಸೆಹಣ್ಣಿನ ಬೀಜ ಬಿಡಿಸ್ತಾ ಕೂತಿರೋದು, ಅದನ್ನ ನೋಡಿ ನೀವು ದಾವಣಗೆರೆಯಿಂದ ಬರೆದ ಕಾಗದ ಬಂತು. ಮರ ಅಷ್ಟು ಚೆನ್ನಾಗಿದ್ದಾಗ ಮಧ್ಯೆ ಅಜ್ಜಿ ಯಾಕೆ, ನಿಸರ್ಗದ ಚಿತ್ರದಲ್ಲಾದ್ರೂ ಮನುಷ್ಯರನ್ನ ದೂರ ಇಡಬಾರದಾ ಅಂತ ಕೇಳಿದೀರ. ನಿಮ್ಮೂರ ಆಲದ ಮರದ ಫೋಟೋನೂ ಇಟ್ಟು ಕಳಿಸಿದೀರ, ಅದರಲ್ಲಿ ಒಂದು ನರಪಿಳ್ಳೆನೂ ಇಲ್ಲ. ಎರಡು ಸಾಲಲ್ಲಿ ಉತ್ತರ ಬರೆದು ಮುಗಿಸೋಕೆ ಮನಸ್ಸಾಗ್ಲಿಲ್ಲ.

ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಬಿಳಲಿಗೆ ಜೋತುಬಿದ್ದು, ಬೇರಿನ ಮೇಲೆ ಹತ್ತಿ ನಿಂತು ಕ್ಯಾಮೆರಾ ನೋಡಿ ನಗೋ ಫೋಟೋಗಳು ನಮಗೂ ಬರ್ತಾವೆ, ಅಲ್ಲಿ ಮರ ಸ್ಟುಡಿಯೋ ಪರದೆ ಥರ ಹಿಂದೆ ಬಿದ್ದಿರುತ್ತೆ ಅಷ್ಟೆ. ಅಂಥವನ್ನ ನಾವು ಹಾಕಲ್ಲ.

ಆದ್ರೆ ನಾನೂ ಒಂದು ಕಾಲಕ್ಕೆ ನಿಮ್ಮ ಥರನೇ ಇದ್ದೆ ಸರ್. ಚಿತ್ರದುರ್ಗದಲ್ಲಿ ನಮ್ಮನೆ ಹತ್ರ ರಸ್ತೆ ತಿರುವಲ್ಲಿ ಒಂದು ಆಲದ ಮರ ಇತ್ತು, ರೋಲ್ ಹಾಕೋ ಕ್ಯಾಮೆರಾ ಕಾಲ, 36 ಫೋಟೋ ಅಂದ್ರೆ 36 ಅಷ್ಟೇ, ಹಂಗಾಗಿ ಬೆಳಿಗ್ಗೆ ಬೇಗ ಹೋಗಿ ಹಾಲಿನವರು ಪೇಪರ್ ಹುಡುಗ್ರು ಎಲ್ಲಾ ದಾಟಿ ಹೋಗೋ ತನಕ ಕಾದು, ಯಾರೂ ಇಲ್ಲದಾಗ ಕ್ಲಿಕ್ ಮಾಡಿದ್ದೆ. ಆಮೇಲೆ ರಸ್ತೆ ಅಗಲ ಮಾಡೋವಾಗ ಮರ ಹೋಯ್ತು. ಮೊನ್ನೆ ಆ ಫೋಟೋನ ಅಕ್ಕನ ಮೊಮ್ಮಗಳಿಗೆ ತೋರಿಸಿದ್ರೆ "ತಾತಾ, ಇದು ನಮ್ ಸ್ಕೂಲ್ ಮುಂದಿನ ಮರದಷ್ಟು ಇತ್ತಾ?" ಅಂದ್ಲು. ಏನ್ ಹೇಳೋದು, ಹೇಳೋಕೆ ಫೋಟೋದಲ್ಲಿ ಏನೂ ಇರಲಿಲ್ಲ. ಆಗ ಅಕ್ಕ ಒಳಗಿಂದ ಒಂದು ಹಳೇ ಆಲ್ಬಮ್ ತಂದ್ಲು, ಹಬ್ಬಕ್ಕೆ ಎಲ್ಲಾ ಸೇರಿದಾಗ ಯಾರೋ ತೆಗೆದಿದ್ದು, ಅದೇ ಮರ, ನಮ್ಮನೆ ಏಳು ಜನ ಕೈ ಕೈ ಹಿಡ್ಕೊಂಡು ತಬ್ಬಿದೀವಿ. ಮುಂದೆ ಮೂರು ಜನ ಕಾಣ್ತಾರೆ, ಉಳಿದವರೆಲ್ಲ ಕಾಂಡದ ಹಿಂದೆ. ಎಡಗಡೆ ಅಂಚಲ್ಲಿ ನಮ್ಮಮ್ಮನ ನಾಲ್ಕು ಬೆರಳು ಮತ್ತೆ ಹಸಿರು ಬಳೆ ಮಾತ್ರ, ಅತ್ತಿಗೆ ಕೈ ಗಟ್ಟಿಯಾಗಿ ಹಿಡ್ಕೊಂಡಿರೋದು. ಆ ಹುಡುಗಿ ಬೆರಳಿಟ್ಟು ಎಣಿಸಿ, ಇನ್ನೂ ನಾಲ್ಕು ಜನ ಹಿಂದೆ ಇದಾರಾ ಅಂತ ಬಾಯಿ ಬಿಟ್ಲು. ನನ್ನ ಚೆಂದದ ಫೋಟೋದಿಂದ ಆಗದ್ದು ಆ ಮಸುಕು ಫೋಟೋದಿಂದ ಆಯ್ತು.

ಇದು ನಮ್ಮ ಮನೆ ಕಥೆ ಒಂದೇ ಅಲ್ಲ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಅನ್ನೋ ಫೋಟೋಗ್ರಾಫರ್ 18 ಇಂಚು 22 ಇಂಚಿನ ಗಾಜಿನ ಪ್ಲೇಟ್‌ಗಳನ್ನ ಹೇಸರಗತ್ತೆ ಮೇಲೆ ಹೇರ್ಕೊಂಡು ಕ್ಯಾಲಿಫೋರ್ನಿಯಾದ ಯೋಸೆಮಿಟಿ ಕಡೆ ಹೋದ, ಅಲ್ಲಿ ಮಾರಿಪೋಸಾ ತೋಪಿನ ಗ್ರಿಜ್ಲಿ ಜೈಂಟ್ ಅನ್ನೋ ಸಿಕೋಯಾ ಮರ ತೆಗೆಯೋವಾಗ ಬುಡದಲ್ಲಿ ಜನರನ್ನ ನಿಲ್ಲಿಸಿದ. ಆ ಮರ 60 ಮೀಟರ್ ಮೇಲೆ ಎತ್ತರ, ಜನ ಕಡ್ಡಿಗಳ ಥರ ಕಾಣ್ತಾರೆ. ದೂರದ ಪಟ್ಟಣಗಳಲ್ಲಿ ಕೂತಿದ್ದವರು ಅಂಥ ಮರ ಇರುತ್ತೆ ಅಂತ ನಂಬಿದ್ದು ಇಂಥ ಚಿತ್ರ ನೋಡಿ. 1864ರಲ್ಲಿ ಲಿಂಕನ್ ಆ ತೋಪನ್ನೂ ಯೋಸೆಮಿಟಿ ಕಣಿವೆನೂ ಕಾಪಾಡೋ ಕಾಯ್ದೆಗೆ ಸಹಿ ಹಾಕಿದ್ರು, ಅದಕ್ಕೆ ವಾಟ್ಕಿನ್ಸ್ ಫೋಟೋಗಳ ಬಲನೂ ಇತ್ತು.

ನಮ್ಮ ಕಡೆಗೇ ಬನ್ನಿ, ಹಾವೇರಿ ಜಿಲ್ಲೆ ಸವಣೂರಲ್ಲಿ ಜನ ದೊಡ್ಡ ಹುಣಸೆ ಅಂತ ಕರೆಯೋ ಬಾವೊಬಾಬ್ ಮರಗಳಿದಾವಲ್ಲ, ಎಲೆ ಉದುರಿದಾಗ ಬೋಳು ಬೂದಿ ಬಣ್ಣದ ಕಾಂಡ, ಒಂದೇ ತೆಗೆದ್ರೆ ಮಡಕೆನೋ ಮರನೋ ಗೊತ್ತಾಗಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತ ತಕ್ಷಣ ಎದೆ ಝಲ್ ಅನ್ನುತ್ತೆ.

ಆದ್ರೆ ನಿಲ್ಲಿಸೋ ಜಾಗ ಮುಖ್ಯ. ಬಹಳ ಜನ ತಪ್ಪು ಮಾಡೋದು ಇಲ್ಲೇ. ಮನುಷ್ಯ ಕ್ಯಾಮೆರಾ ಹತ್ರ ಇದ್ದು ಮರ ಹಿಂದೆ ಇದ್ರೆ ಅವನು ದೊಡ್ಡವನಾಗಿ ಮರ ಕುಗ್ಗುತ್ತೆ, ಮೊಬೈಲಿನ ವೈಡ್ ಲೆನ್ಸಲ್ಲಿ ಇನ್ನೂ ಜಾಸ್ತಿ. ಅವರು ಕಾಂಡಕ್ಕೆ ಅಂಟಿಕೊಂಡೇ ಇರಬೇಕು, ನೀವು ಹಿಂದಕ್ಕೆ ಹೋಗಿ. ಕಪ್ಪು ತೊಗಟೆ ಮುಂದೆ ಬಿಳಿ ಪಂಚೆನೋ ಕೆಂಪು ಸೀರೆನೋ ಇದ್ರೆ ಚಿಕ್ಕದಾಗಿದ್ರೂ ಕಣ್ಣಿಗೆ ಬೀಳುತ್ತೆ. ಮತ್ತೆ ಕೇಳಿ ತೆಗೀರಿ, ಪೋಸ್ ಕೊಡಿಸಬೇಡಿ. ಆ ಅಜ್ಜಿನ ನಮ್ಮ ಫೋಟೋಗ್ರಾಫರ್ ಕೇಳಿದಾಗ "ತಕ್ಕಪ್ಪಾ, ನನ್ ಕೆಲ್ಸ ನಿಲ್ಸಲ್ಲ" ಅಂದ್ರಂತೆ, ಆ ಮಾತು ಫೋಟೋದಲ್ಲೇ ಕಾಣುತ್ತೆ ನನಗೆ. ಆ ಮರದ ಹಣ್ಣು ಅವರ ಮನೆ ಸಾರಿಗೆ ಹೋಗುತ್ತೆ, ಅವರನ್ನ ತೆಗೆದುಹಾಕಿದ್ರೆ ಮರದ ಅರ್ಧ ಬದುಕು ತೆಗೆದ ಹಾಗೆ. ಎಲ್ಲಾ ಚಿತ್ರಕ್ಕೂ ಜನ ಬೇಕು ಅಂತಲ್ಲ, ಜೋಗಿಮಟ್ಟಿ ಬೆಟ್ಟದ ಮಂಜಲ್ಲಿ ಒಂಟಿ ಮರ ಸಿಕ್ಕಿದ್ರೆ ಯಾರನ್ನೂ ಕರೀಬೇಡಿ.

ನಿಮ್ಮ ಆಲದ ಮರ ಈ ಸಂಚಿಕೆಲೇ ಹಾಕ್ತಿದೀವಿ, ಕತ್ತರಿಸದೆ. ಬಲಗಡೆ ಕಟ್ಟೆ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ ಇದಾವೆ, ಗಮನಿಸಿದ್ರಾ? ಆ ಚಪ್ಪಲಿ ಇಟ್ಕೊಂಡೇ ನಾನು ಕಾಂಡ ಎಷ್ಟು ದಪ್ಪ ಇರಬಹುದು ಅಂತ ಲೆಕ್ಕ ಹಾಕಿದ್ದು. ಅವು ಯಾರವು ಸರ್? ಗೊತ್ತಿದ್ರೆ ಅವರನ್ನ ಒಂದ್ಸಲ ಅಲ್ಲೇ ಕೂರಿಸಿ ತೆಗೆದು ಕಳಿಸಿ, ಎರಡನ್ನೂ ಎದುರುಬದುರು ಪುಟದಲ್ಲಿ ಹಾಕ್ತೀವಿ.

ಸಂಪಾದಕ